ಗಂಗವ್ವನ ಮಗನ ನಡ

ಕಳೆದ ವರ್ಷ ಧಾರವಾಡದ ಒಂದು ಕಾಲೇಜಿನಲ್ಲಿ ಜಾಹೀರಾತಿನ ವಿದ್ಯೆ ಕಲಿಯುವ ಹುಡುಗ ಹುಡುಗಿಯರೆದುರು ಮಾತಾಡಲು ನನ್ನನ್ನು ಕರೆದಿದ್ದರು. ನಿಮ್ಮ ಕಾಲದಲ್ಲಿ ಜನರ ಅಭಿಪ್ರಾಯ ಹೇಗೆ ತಿಳಿದುಕೊಳ್ಳುತ್ತಿದ್ದಿರಿ ಎಂದು ಒಬ್ಬಳು ಕೇಳಿದಳು. "ಬೈಸಿಕೊಂಡು" ಎಂದೆ. ಎಲ್ಲರೂ ನಕ್ಕರು. ನಾನು ತಮಾಷೆಗೆ ಹೇಳಿರಲಿಲ್ಲ. ನಮ್ಮ ಪ್ರಚಾರದ ವ್ಯಾನಿನ ಬಾಗಿಲು ತೆರೆದರೆ ಜನ ಎದುರಿಗೇ ನಿಂತಿರುತ್ತಿದ್ದರು. ಮಾತು ಸರಿಬೀಳದಿದ್ದರೆ ಅಲ್ಲೇ, ಆಗಲೇ, ಮುಖದ ಮೇಲೇ ಹೇಳುತ್ತಿದ್ದರು. ಈಗ ತಾವು ಮಾಡುವ ಜಾಹೀರಾತನ್ನು ಯಾರು ಎಲ್ಲಿ ಕೂತು ನೋಡುತ್ತಾರೋ ತಮಗೆ ಕಾಣುವುದಿಲ್ಲ ಎಂದು ಆ ಮಕ್ಕಳು ಹೇಳಿದಾಗ ನಾನು ದಂಗಾಗಿಹೋದೆ. ಬೈಯುವವರಿಲ್ಲದೆ ಈ ಕೆಲಸವನ್ನು ಹೇಗೆ ಕಲಿಯುತ್ತಾರೆ?

ಅಂದು ಸಮಯ ಸಾಲದೆ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎ. ಮುಗಿಸಿ ಮನೆಯಲ್ಲಿದ್ದೆ. ಮುಂಬಯಿಯ ಒಂದು ನೋವಿನ ಮುಲಾಮಿನ ಕಂಪನಿ ಹುಬ್ಬಳ್ಳಿಯಲ್ಲಿ ಆಫೀಸು ತೆರೆದು, ಊರೂರು ತಿರುಗಿ ಪ್ರಚಾರ ಮಾಡಲು ಕನ್ನಡ ಬಲ್ಲ ಮಹಿಳೆ ಬೇಕೆಂದು ಪತ್ರಿಕೆಯಲ್ಲಿ ಹಾಕಿತ್ತು. ಯಾರಿಗೂ ಹೇಳದೆ ಅರ್ಜಿ ಹಾಕಿದೆ. ಕೆಲಸ ಸಿಕ್ಕಿದ ದಿನ ನಮ್ಮವ್ವ ಅಡಿಗೆಮನೆಯಿಂದ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಸಂತ್ಯಾಗ ನಿಂತು ಒದರೂ ಕೆಲಸೇನ? ಬಳಿ ಮಾರವರಂಗ?" ಎಂದಳು.

ಅಪ್ಪ ಕನ್ನಡ ಸಾಲೆಯ ಮಾಸ್ತರರಾಗಿ ನಿವೃತ್ತರಾದವರು. ಪೇಪರ್ ಮಡಚಿಟ್ಟು, "ನಾನೂ ಜೀವಮಾನ ಅದನ್ನ ಮಾಡೀನಲ್ಲ. ಸಾಲ್ಯಾಗ ನಿಂತು ಒದರೀನಿ. ಕೇಳಿದವರು ಕಡಿಮಿ. ಆಕಿಗೆ ಒದರಲಿಕ್ಕೆ ಲೌಡಸ್ಪೀಕರೇ ಕೊಡ್ತಾರ, ಹೋಗಲಿ ಬಿಡು" ಎಂದರು. ಅವ್ವನಿಗೆ ಇನ್ನೊಂದು ಆಘಾತ.

ವ್ಯಾನಿನ ಚಾಲಕ ಇಮಾಮಸಾಬರು ಹುಬ್ಬಳ್ಳಿಯವರು, ಅಪ್ಪನ ವಯಸ್ಸಿನವರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಬಾಯಾರ ಎನ್ನುತ್ತಿದ್ದರು. ಮೊದಲ ದಿನವೇ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅವ್ವನಿಗೆ, "ಕತ್ತಲಾಗೂದರಾಗ ಮಗಳನ್ನ ಮನಿ ಮುಟ್ಟಸ್ತೀನಿ. ಮಾತಂದ್ರ ಮಾತು" ಎಂದು ಹೇಳಿ ಹೋದರು. ಎರೆ ಹೊಲದ ಕೆಸರಿನಲ್ಲಿ ವ್ಯಾನು ಹುಗಿದುಹೋಗಿ, ಎತ್ತು ಕಟ್ಟಿ ಎಳೆಸಬೇಕಾದ ದಿನಗಳಲ್ಲಿ ಕೂಡ ಅವರು ಆ ಮಾತನ್ನು ನೆನೆಸಿಕೊಂಡು ಒದ್ದಾಡುವುದನ್ನು ಕಂಡಿದ್ದೇನೆ.

ನಮ್ಮ ಮೇಲಧಿಕಾರಿ ಪೇಂಡ್ಸೆ ಸಾಹೇಬರು. ಪುಣೆಯವರು, ಶಿಸ್ತಿನವರು, ಕೆಟ್ಟವರಲ್ಲ. ಬೆಳಗಾವಿಯಲ್ಲಿ ಕೆಲಕಾಲ ಇದ್ದು ಕನ್ನಡ ಕಲಿತಿದ್ದರು. ಮೊದಲ ಪ್ರಯಾಣಕ್ಕೆ ಹೊರಡುವಾಗ ಮುಂಬಯಿಯಲ್ಲಿ ಯಾರೋ ಬರೆದುಕೊಟ್ಟ ಕನ್ನಡದ ಭಾಷಣ ಕೈಗಿತ್ತು, ಒಂದು ಅಕ್ಷರ ಬದಲಿಸಬಾರದು ಎಂದರು. ಕುಂದಗೋಳದ ಸಂತೆಯಲ್ಲಿ ವ್ಯಾನು ನಿಲ್ಲಿಸಿ ನಾನು ಓದತೊಡಗಿದೆ. ಕಟಿಶೂಲ, ಸಂಧಿವಾತ, ಸ್ನಾಯುಗಳ ಸೆಳೆತ, ಇವೆಲ್ಲಕ್ಕೂ ರಾಮಬಾಣ ಎಂದೆಲ್ಲ ಇತ್ತು. ಮೆಣಸಿನಕಾಯಿ ರಾಶಿಯ ಮುಂದೆ ಕೂತಿದ್ದ ಒಬ್ಬ ಮುದುಕರು ಎದ್ದು ಬಂದು, ಟೊಪ್ಪಿಗೆ ತೆಗೆದು, ಕೈಮುಗಿದು ಪೂರ್ತಿ ಕೇಳಿದರು. ಓದಿ ಮುಗಿದ ಮೇಲೆ ಹತ್ತಿರ ಬಂದರು.

"ಭಾಳ ಛಲೋ ಓದಿದ್ರಿ ಅಕ್ಕೋರ. ಯಾವ ಪುರಾಣ ಇದು?"

ನನಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು. ಇಮಾಮ್ ಕಾಕಾ ಸ್ಟೀರಿಂಗಿನ ಮೇಲೆ ಹಣೆ ಇಟ್ಟು ನಗುತ್ತಿದ್ದರು. ಆಮೇಲೆ, "ಬಾಯಾರ, ಕಾಗದ ಕಿಸೇದಾಗ ಇಟ್ಟಬಿಡ್ರಿ. ನಿಮ್ಮವ್ವಗ ನೋವಾದ್ರ ಹೆಂಗ ಕೇಳ್ತೀರಿ, ಹಂಗ ಕೇಳ್ರಿ" ಎಂದರು. ನಾನು ಮತ್ತೆ ಮೈಕು ಹಿಡಿದೆ. "ನಡಾ ಹಿಡದೈತೇನ್ರಿ? ಮೊಣಕಾಲ ಕಟಕಟ ಅಂತಾವೇನ್ರಿ? ಬರ್ರಿ, ನೋಡೂಣು" ಎಂದೆ. ಸಂತೆ ಅರ್ಧ ನಮ್ಮ ಕಡೆ ತಿರುಗಿತು. ಅಂದಿನಿಂದ ನಾನು ಆ ಸೀಮೆಗೆಲ್ಲ ಮುಲಾಮಿನ ಅಕ್ಕೋರು ಆದೆ. ವಿಷಯ ಗೊತ್ತಾದಾಗ ಪೇಂಡ್ಸೆ ಸಾಹೇಬರ ಮುಖ ಬಿಳಿಚಿಕೊಂಡಿತು. ಆದರೆ ಡಬ್ಬಿಗಳೆಲ್ಲ ಮಾರಿಹೋಗಿದ್ದವು.

ಭಾಷೆಯನ್ನು ಹೀಗೆ ಸುಧಾರಿಸಿಕೊಂಡೆವು. ಚಿತ್ರವನ್ನು ಸುಧಾರಿಸುವುದು ಅಷ್ಟು ಸುಲಭವಾಗಿರಲಿಲ್ಲ. ಒಂದು ಬೇಸಿಗೆಯಲ್ಲಿ ಮುಂಬಯಿಯಿಂದ ರಜೆಯ ಪೋಸ್ಟರುಗಳು ಬಂದವು. ಸಮುದ್ರದ ದಂಡೆ, ದೊಡ್ಡದೊಂದು ಬಣ್ಣದ ಕೊಡೆ, ಅದರ ಕೆಳಗೆ ಮರಳಿನ ಮೇಲೆ ಚಡ್ಡಿ ಹಾಕಿಕೊಂಡು ಮಲಗಿರುವ ಗಂಡ, ಹೆಂಡತಿ, ಎರಡು ಮಕ್ಕಳು. ನೋವಿಲ್ಲದೆ ರಜೆ ಕಳೆಯಿರಿ ಎಂದು ಬರಹ. ಕಲಘಟಗಿಯ ಆಚೆ ದೇವಿಕೊಪ್ಪದಲ್ಲಿ ಒಂದು ಗೋಡೆಗೆ ಅಂಟಿಸಿದೆವು. ನೀರಿಗೆ ಹೊರಟಿದ್ದ ಹೆಂಗಸರು ಕೊಡ ಇಳಿಸಿ ನೋಡುತ್ತ ನಿಂತರು. ಅವರ ಕಣ್ಣಲ್ಲಿ ಮರುಕ ಕಂಡು ನನಗೆ ಅರ್ಥವಾಗಲಿಲ್ಲ.

"ಪಾಪ, ಹೊಳಿ ಬಂದು ಮನಿ ಕೊಚಗೊಂಡ ಹೋಗೈತಿ" ಎಂದಳು ಒಬ್ಬಳು. "ಉಟ್ಟ ಅರಬಿನೂ ಉಳದಿಲ್ಲ."

"ಛತ್ತರಗಿ ಒಂದು ಉಳಸ್ಕೊಂಡಾರ ನೋಡು" ಎಂದಳು ಇನ್ನೊಬ್ಬಳು.

ಹಾಗಲ್ಲ, ಅವರು ರಜೆಗೆ ಅಂತ ಹೋಗಿದ್ದಾರೆ, ಸುಖವಾಗಿ ಮಲಗಿದ್ದಾರೆ ಎಂದು ವಿವರಿಸಿದೆ. ಮೊದಲನೆಯವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ರಜಾ ಇದ್ರ ತೌರಮನಿಗೆ ಹೋಗಬೇಕ್ರಿ ಅಕ್ಕೋರ. ಉಸುಕಿನ್ಯಾಗ ಯಾಕ ಮಲಗಬೇಕು? ತೌರಮನಿ ಇಲ್ಲೇನು ಆಕಿಗೆ?" ಸಮುದ್ರವನ್ನು ನಾನೂ ಅಲ್ಲಿಯವರೆಗೆ ಕಂಡಿರಲಿಲ್ಲ.

ಈ ಸಂಗತಿಯನ್ನು ಹುಬ್ಬಳ್ಳಿಗೆ ಬಂದು ಹೇಳಿದಾಗ ಪೇಂಡ್ಸೆ ಸಾಹೇಬರು ಉಳಿದ ಪೋಸ್ಟರುಗಳನ್ನು ಸುರುಳಿ ಸುತ್ತಿ ಮೂಲೆಗಿಟ್ಟರು. ಅವರಿಗೆ ನಿಜವಾಗಿ ಆಘಾತವಾಗಿತ್ತು. ಆಮೇಲೆ, "ಹಂಗಾದ್ರ ಈ ಮಂದಿ ರಜಾ ಯಾವಾಗ ಮಾಡ್ತಾರ?" ಎಂದು ಕೇಳಿದರು.

"ಪಂಚಮಿಗೆ" ಎಂದೆ.

ನಾಗರ ಪಂಚಮಿ ಎಂದರೆ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ತೌರಿಗೆ ಕರೆದುಕೊಂಡು ಬರುತ್ತಾನೆ. ಶೇಂಗಾ ಉಂಡಿ, ಎಳ್ಳುಂಡಿ, ಜೋಳದ ಅಳ್ಳು, ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ. ಗಂಡಸರಿಗೆ ಅದು ಪಂದ್ಯದ ಹಬ್ಬ. ನಿಂಬೆಹಣ್ಣು ಎಸೆಯುವುದು, ಕಣ್ಣು ಕಟ್ಟಿಕೊಂಡು ನಡೆಯುವುದು, ತೆಂಗಿನಕಾಯಿ ಗುದ್ದಿ ಒಡೆಯುವುದು. ಎಲ್ಲಕ್ಕಿಂತ ದೊಡ್ಡದು ಸಂಗ್ರಾಣಿ ಕಲ್ಲು ಎತ್ತುವುದು. ಹನುಮಪ್ಪನ ಗುಡಿಯ ಮುಂದೆ ಬಿದ್ದಿರುವ ನುಣ್ಣನೆಯ ಗುಂಡುಕಲ್ಲನ್ನು ನೆಲದಿಂದ ತೊಡೆಗೆ, ತೊಡೆಯಿಂದ ಎದೆಗೆ, ಎದೆಯಿಂದ ಹೆಗಲಿಗೆ ತಂದು ಹಿಂದಕ್ಕೆ ಬಿಡಬೇಕು. ಅದಕ್ಕೆ ಹಿಡಿಯಲು ಮೂಲೆಯೂ ಇಲ್ಲ, ಕಿವಿಯೂ ಇಲ್ಲ. ಪೇಂಡ್ಸೆ ಸಾಹೇಬರು ಕೇಳುತ್ತ ಕೇಳುತ್ತ ಕುರ್ಚಿಯ ತುದಿಗೆ ಬಂದರು. ಈ ಕಲ್ಲು ಎತ್ತುವವರಲ್ಲಿ ಹೆಸರಾದವನು ಯಾರು ಎಂದರು.

ನವಲಗುಂದ, ಅಣ್ಣಿಗೇರಿ ಕಡೆಯಲ್ಲಿ ಆ ಪ್ರಶ್ನೆಗೆ ಒಂದೇ ಉತ್ತರ ಇತ್ತು: ಶಲವಡಿಯ ಫಕ್ಕೀರಪ್ಪ. ಅಣ್ಣಿಗೇರಿಯ ಕಾಳುಕಡಿಯ ಅಡತಿ ಅಂಗಡಿಗಳಲ್ಲಿ ಹಮಾಲಿ ಮಾಡುತ್ತಿದ್ದ. ಜೋಳದ ಚೀಲವನ್ನು ಹೊರುವಾಗ ಅವನು ದಾರಿಯಲ್ಲಿ ಸಿಕ್ಕವರೊಡನೆ ನಿಂತು ಮಾತಾಡುತ್ತಿದ್ದ, ಹೆಗಲ ಮೇಲೆ ಏನೂ ಇಲ್ಲವೇನೋ ಎಂಬಂತೆ. ಮೃದು ಮಾತಿನವನು. ತಂದೆ ತೀರಿಹೋಗಿ ಬಹಳ ದಿನವಾಗಿತ್ತು. ತಾಯಿ ಗಂಗವ್ವ ಕಳೆ ಕಿತ್ತು, ಹತ್ತಿ ಬಿಡಿಸಿ ಬೆಳೆಸಿದ ಒಬ್ಬನೇ ಮಗ.

ಫೋಟೋ ತೆಗೆಸಲು ಪೇಂಡ್ಸೆ ಸಾಹೇಬರೇ ಅಣ್ಣಿಗೇರಿಗೆ ಬಂದರು. ಹುಬ್ಬಳ್ಳಿಯ ಫೋಟೋಗ್ರಾಫರ್ ಪೇಟೆಯ ಹಿಂದಿನ ಬಯಲಿನಲ್ಲಿ ಕ್ಯಾಮೆರಾದ ಮುಕ್ಕಾಲಿ ನಿಲ್ಲಿಸಿದ. ಫಕ್ಕೀರಪ್ಪ ಅಲ್ಲಿದ್ದ ಒಂದು ಗುಂಡುಕಲ್ಲನ್ನು ಹೆಗಲಿಗೆ ಎತ್ತಿ ನಕ್ಕ. ಫೋಟೋ ಆಯಿತು. ಆಮೇಲೆ ಸಾಹೇಬರು ಸೊಂಟದ ಮೇಲೆ ಕೈಯಿಟ್ಟು ಬಗ್ಗಿ, ನೋವಿನ ಮುಖ ಮಾಡಿ ತೋರಿಸಿ, ಹೀಗೆ ನಿಲ್ಲು ಎಂದರು.

ಫಕ್ಕೀರಪ್ಪ ನನ್ನ ಕಡೆ ನೋಡಿದ. "ನನಗ ನಡದ ನೋವಿಲ್ರಿ ಅಕ್ಕೋರ."

"ನಾಟಕಾ ಇದ್ದಂಗ ಅದು" ಎಂದರು ಸಾಹೇಬರು. "ಮುಲಾಮು ಹಚ್ಚೂಕ್ಕಿಂತ ಮೊದಲು ಹಿಂಗ, ಹಚ್ಚಿದ ಮ್ಯಾಲೆ ಹಂಗ. ಎರಡೂ ಬಾಜೂಬಾಜು ಬರ್ತಾವ."

ನಾಟಕ ಎಂದದ್ದು ಅವನಿಗೆ ಸರಿಬಿತ್ತು. ಊರ ಬಯಲಾಟದಲ್ಲಿ ರಾಕ್ಷಸನ ಪಾತ್ರ ಮಾಡಿದವನು. ಬಗ್ಗಿ, ಹಲ್ಲು ಕಚ್ಚಿ, ಕಣ್ಣು ಮುಚ್ಚಿ ಎಂಥ ನೋವು ತೋರಿಸಿದನೆಂದರೆ ಫೋಟೋಗ್ರಾಫರನೇ ಒಂದು ಹೆಜ್ಜೆ ಮುಂದೆ ಬಂದು ಕೈ ಕೊಡಲು ಹೋದ. ಕಂಪನಿಯಿಂದ ಒಂದು ಜರಿಯ ರುಮಾಲು ಕೊಟ್ಟರು. ಅದನ್ನು ಅಲ್ಲೇ ಸುತ್ತಿಕೊಂಡು, ಫೋಟೋ ಬಂದ ಮೇಲೆ ಅವ್ವಗೊಂದು ಕೊಡ್ರಿ ಎಂದು ಹೇಳಿ ಚೀಲ ಹೊರಲು ಹೋದ.

ಆಷಾಢದ ನಡುವಿನಲ್ಲಿ ನಾವು ನವಲಗುಂದದ ಬಸ್‌ಸ್ಟ್ಯಾಂಡಿಗೆ ಬಂದೆವು. ಪೋಸ್ಟರ್ ಅಂಟಿಸುವವರು ನಮಗಿಂತ ಮೊದಲೇ ಬಂದುಹೋಗಿದ್ದರು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಫಕ್ಕೀರಪ್ಪ. ಎಲ್ಲ ಕಡೆಯೂ ಬಗ್ಗಿದ ಫಕ್ಕೀರಪ್ಪ. ಹಲ್ಲು ಕಚ್ಚಿದ, ಕಣ್ಣು ಮುಚ್ಚಿದ, ಸೊಂಟ ಹಿಡಿದ ಫಕ್ಕೀರಪ್ಪ. ಕೆಳಗೆ ದಪ್ಪ ಅಕ್ಷರದಲ್ಲಿ, ನಡುನೋವೇ ಎಂದು ಒಂದೇ ಪ್ರಶ್ನೆ. ಅದರ ಕೆಳಗೆ ನಮ್ಮ ಡಬ್ಬಿ. ನಗುವ ಫಕ್ಕೀರಪ್ಪ, ಕಲ್ಲು ಹೊತ್ತ ಫಕ್ಕೀರಪ್ಪ ಎಲ್ಲಿಯೂ ಇರಲಿಲ್ಲ. ನಾನು ವ್ಯಾನಿನಿಂದ ಇಳಿದವಳು ಹಾಗೇ ನಿಂತುಬಿಟ್ಟೆ. ಇಮಾಮ್ ಕಾಕಾ ಬೀಡಿ ಹಚ್ಚಲು ಕಡ್ಡಿ ಗೀರಿದವರು ಬೆರಳು ಸುಡುವವರೆಗೆ ಹಿಡಿದೇ ಇದ್ದರು.

ಅಂಚೆ ಕಚೇರಿಯಿಂದ ಹುಬ್ಬಳ್ಳಿಗೆ ಫೋನ್ ಹಚ್ಚಿದೆ. ಇನ್ನೊಂದು ಫೋಟೋ ಎಲ್ಲಿ ಸಾಹೇಬರ ಎಂದೆ.

"ಮುಂಬಯಿದವರು ತಗದ್ರು" ಎಂದರು ಅವರು. ಧ್ವನಿ ಸಣ್ಣದಾಗಿತ್ತು. "ನಗೋ ಮನಷ್ಯಾನ್ನ ನೋಡಿ ಯಾರೂ ಮುಲಾಮು ತಗೊಳ್ಳೂದಿಲ್ಲಂತ. ನೋವೇ ಮಾರತದಂತ."

ಈ ವೃತ್ತಿಗೆ ಬರುವವರು ಆ ಮಾತನ್ನು ಬರೆದಿಟ್ಟುಕೊಂಡರೂ ಸರಿ, ಉಗಿದು ಬಿಟ್ಟರೂ ಸರಿ. ಅದು ಸುಳ್ಳಲ್ಲ. ಆ ವಾರ ಡಬ್ಬಿಗಳು ಹಿಂದೆಂದೂ ಹೋಗದ ಹಾಗೆ ಹೋದವು. ನನ್ನನ್ನು ನಡುಗಿಸಿದ್ದು ಅದೇ. ತಪ್ಪು ಮಾಡಿ ನಷ್ಟವಾದರೆ ಯಾರಾದರೂ ತಿದ್ದುತ್ತಾರೆ. ಲಾಭವಾದ ತಪ್ಪನ್ನು ತಿದ್ದುವವರನ್ನು ನನ್ನ ಇಡೀ ಸರ್ವಿಸಿನಲ್ಲಿ ಕಾಣಲಿಲ್ಲ.

ಅಣ್ಣಿಗೇರಿಗೆ ಹೋದಾಗ ಫಕ್ಕೀರಪ್ಪ ಹಮಾಲರ ಗುಂಪಿನಲ್ಲಿರಲಿಲ್ಲ. ಅಂಗಡಿಯ ಕಟ್ಟೆಯ ಮೂಲೆಯಲ್ಲಿ ಒಬ್ಬನೇ ಕೂತಿದ್ದ. ತಲೆಯ ಮೇಲೆ ಜರಿಯ ರುಮಾಲು ಇರಲಿಲ್ಲ. ನನ್ನನ್ನು ಕಂಡು ಎದ್ದು ನಿಂತ.

"ಏನಾತು?" ಎಂದೆ, ಗೊತ್ತಿದ್ದೂ.

"ಸಾವಕಾರ್ರು ಚೀಲಾ ಹೊರಸವಲ್ಲರ್ರಿ. ಗೋಡಿ ಮ್ಯಾಲೆ ನೋಡಿ ಬಂದಾರ. ನಡಾ ಹೋದಾವ ಚೀಲಾ ಕೆಡವತಾನ, ಸತ್ತಗಿತ್ತ ಹೋದ್ರ ನಮ್ಮ ತಲಿಗೆ ಬರ್ತೈತಿ ಅಂತಾರ." ಆಮೇಲೆ ಇನ್ನೂ ಮೆಲ್ಲಗೆ, "ಕುರ್ತಕೋಟಿ ಕಡೆ ಹೆಣ್ಣು ನೋಡಿದ್ರು. ಅವರೂ ಬ್ಯಾಡ ಅಂದ್ರಂತ. ನಡಾ ಇಲ್ಲದ ಗಂಡಿಗೆ ಹೆಣ್ಣು ಹೆಂಗ ಕೊಡೂದು ಅಂದ್ರಂತ" ಎಂದ.

ಅವನು ನನ್ನ ಮೇಲೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಏನಾದರೂ ಹೇಳಿಕೊಳ್ಳಬಹುದಿತ್ತು. ನಾಟಕದಲ್ಲಿ ರಾಕ್ಷಸನಾದಾಗ ಯಾರೂ ತನ್ನನ್ನು ಮರುದಿನ ರಾಕ್ಷಸ ಎಂದಿರಲಿಲ್ಲವಲ್ಲ ಎಂದು ಅವನಿಗೆ ಬರೀ ಆಶ್ಚರ್ಯವಾಗಿತ್ತು. ಅದನ್ನು ನನ್ನ ಮುಂದೆ ಎರಡು ಸಲ ಹೇಳಿದ.

ಶಲವಡಿಗೆ ಹೋಗುವುದು ಬೇಡ ಎಂದು ಇಮಾಮ್ ಕಾಕಾ ಹೇಳಿದರು. ನಾನು ಹೋಗೋಣ ಎಂದೆ. ಊರ ಹೆಬ್ಬಾಗಿಲ ಅಗಸಿ ದಾಟಿದ್ದೇ ತಡ, ದಾರಿಯ ನಡುವೆ ಒಬ್ಬ ಹೆಂಗಸು ನಿಂತಿದ್ದಳು. ಎತ್ತರದ, ಒಣಗಿದ ಮೈ, ಕಚ್ಚೆ ಹಾಕಿ ಉಟ್ಟ ಇಳಕಲ್ ಸೀರೆ, ಕೈಯಲ್ಲಿ ಕುಡಗೋಲು. ಹೊಲದಿಂದ ನೇರ ಬಂದಿದ್ದಳು. ವ್ಯಾನು ಅವಳ ಮೊಣಕಾಲಿಗೆ ತಾಗುವಷ್ಟರಲ್ಲಿ ನಿಂತಿತು. ಅವಳು ಅಲುಗಲಿಲ್ಲ.

"ಮುಲಾಮಿನಾಕಿ ನೀ ಏನ?"

"ಹೌದ್ರಿ."

"ಕೆಳಗ ಇಳಿ."

ಇಳಿದೆ. ಓಣಿಯ ಮಂದಿ ಬಾಗಿಲಿಗೆ ಬಂದು ನಿಂತರು.

"ನನ್ನ ಮಗನ ನಡಾ ಹೋಗೈತಿ ಅಂತ ನಿನಗ ಯಾರ ಹೇಳಿದ್ರು? ಹಡದಾಕಿ ನಾನು. ನಾ ಹೇಳಿದ್ನ್ಯಾ? ಡಾಕ್ಟರ್ ಹೇಳಿದ್ನ್ಯಾ? ಅಂವಾ ಹೇಳಿದ್ನ್ಯಾ?"

"ಯಾರೂ ಹೇಳಿಲ್ರಿ."

"ಮತ್ತ ಊರೂರಿಗೆ ಯಾಕ ಡಂಗುರಾ ಹೊಡದ್ರಿ? ಗ್ವಾಡಿ ಗ್ವಾಡಿಗೆ ಯಾಕ ಬಡದ್ರಿ ಅವನ್ನ?"

ಮುಂಬಯಿಯ ಕಥೆ ಹೇಳಲು ಬಾಯಿ ತೆರೆದೆ. ಮುಂಬಯಿ ಎನ್ನುವ ಮಾತು ಅಲ್ಲಿ ಎಷ್ಟು ಹಗುರ ಎಂದು ತಿಳಿಯಿತು. ಸುಮ್ಮನೆ ವ್ಯಾನಿನ ಒಳಗಿಂದ ಮೈಕು ತಂದು ಅವಳ ಕೈಗೆ ಕೊಟ್ಟೆ. "ಗಂಗವ್ವ, ನೀವ ಹೇಳ್ರಿ. ನಾ ಹೇಳಿದ್ರ ಇನ್ನ ಯಾರೂ ನಂಬೂದಿಲ್ಲ."

ಅವಳು ಮೈಕನ್ನು ಹಾವಿನ ಹಾಗೆ ನೋಡಿದಳು. ಇಮಾಮ್ ಕಾಕಾ ನನ್ನ ಕಡೆ ನೋಡಿದರು, ಕೆಲಸ ಹೋಗುತ್ತದೆ ಎನ್ನುವ ನೋಟ. ಆದರೂ ಸ್ವಿಚ್ಚು ಹಾಕಿದರು. ಗಂಗವ್ವ ಕುಡಗೋಲನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ಬಾಯಿ ಹತ್ತಿರ ತಂದಳು. ಮೊದಲು ತನ್ನ ಉಸಿರಿನ ಸದ್ದು ಊರ ತುಂಬ ಕೇಳಿ ತಾನೇ ಬೆಚ್ಚಿದಳು.

"ಕೇಳ್ರೆಪಾ. ನಾ ಗಂಗವ್ವ. ನನ್ನ ಮಗನ ನಡಾ ಗಟ್ಟಿ ಐತಿ. ಗ್ವಾಡಿ ಮ್ಯಾಲಿಂದು ಸೋಗು. ಪಂಚಮಿ ದಿನಾ ಹನಮಪ್ಪನ ಗುಡಿ ಮುಂದ ಕಲ್ಲ ಎತ್ತತಾನ. ಯಾರಿಗೆ ಅನುಮಾನ ಐತಿ ಬಂದು ನೋಡ್ರಿ. ಎತ್ತದಿದ್ರ ಈ ಊರಾಗ ನಾ ಮಾರಿ ತೋರಸೂದಿಲ್ಲ."

ಇಷ್ಟು ಹೇಳಿ ಮೈಕು ಹಿಂದಕ್ಕೆ ಕೊಟ್ಟಳು. ನಾನು ಕುಡಗೋಲು ಹಿಂದಕ್ಕೆ ಕೊಟ್ಟೆ. ನನಗೆ ಗೊತ್ತಿದ್ದ ಎಲ್ಲ ಜಾಹೀರಾತುಗಳಿಗಿಂತ ಅದು ಚಿಕ್ಕದು, ಅದಕ್ಕಿಂತ ಬೇಗ ಹಬ್ಬಿದ್ದನ್ನು ನಾನು ಕಂಡಿಲ್ಲ. ಮರುದಿನ ನವಲಗುಂದದಲ್ಲಿ ಚಹಾದಂಗಡಿಯವನು ನನಗೇ ಅದನ್ನು ಹೇಳಿದ.

ಆದರೆ ಹೇಳಿದ ಮೇಲೆ ಎತ್ತಬೇಕಲ್ಲ. ಎಷ್ಟೋ ದಿನದಿಂದ ಫಕ್ಕೀರಪ್ಪ ಭಾರ ಹೊತ್ತಿರಲಿಲ್ಲ. ಗೋಡೆಯಿಂದ ಗೋಡೆಗೆ ತನ್ನ ಬಗ್ಗಿದ ಬೆನ್ನು ನೋಡಿ ನೋಡಿ, ಈಗ ಕೂತಲ್ಲಿಂದ ಏಳುವಾಗ ಸೊಂಟದ ಮೇಲೆ ತಾನಾಗಿಯೇ ಕೈ ಹೋಗುತ್ತದೆ ಎಂದು ಇಮಾಮ್ ಕಾಕಾನ ಹತ್ತಿರ ಹೇಳಿಕೊಂಡಿದ್ದನಂತೆ. ಚಿತ್ರ ನೋಡಿ ಊರವರು ನಂಬಿದ್ದು ಒಂದು. ಚಿತ್ರದೊಳಗಿನವನೇ ನಂಬತೊಡಗಿದರೆ?

ಪಂಚಮಿಯ ದಿನ ಬೆಳಿಗ್ಗೆ ಜಿನುಗು ಮಳೆ ಬಂದು ನಿಂತಿತ್ತು. ಹೆಸರು ಕೊಯ್ಲಿನ ಹೊತ್ತು, ಆದರೂ ಹೊಲಗಳು ಖಾಲಿ. ಶಲವಡಿಯ ಗುಡಿಯ ಮುಂದೆ ಆ ಸೀಮೆಯ ಅರ್ಧ ಜನ ನಿಂತಿದ್ದರು. ಜೋಕಾಲಿ ಬಿಟ್ಟು ಹೆಣ್ಣುಮಕ್ಕಳು ಬಂದಿದ್ದರು, ಮಡಿಲಲ್ಲಿ ಉಂಡಿ ಕಟ್ಟಿಕೊಂಡೇ. ಅಣ್ಣಿಗೇರಿಯ ಸಾಹುಕಾರರು ಛತ್ರಿ ಹಿಡಿದು ಕಟ್ಟೆಯ ಮೇಲಿದ್ದರು. ಪೇಂಡ್ಸೆ ಸಾಹೇಬರೂ ಬಂದಿದ್ದರು, ಫೋಟೋಗ್ರಾಫರನನ್ನು ಕರೆದುಕೊಂಡು. ಗಂಗವ್ವ ಗುಡಿಯ ಕಂಬಕ್ಕೆ ಒರಗಿಕೊಂಡು, ಕಲ್ಲಿನ ಕಡೆ ನೋಡದೆ, ನೆಲ ನೋಡುತ್ತ ನಿಂತಿದ್ದಳು.

ಫಕ್ಕೀರಪ್ಪ ಅಂಗಿ ತೆಗೆದು, ಕೈಗೆ ಬೂದಿ ಹಚ್ಚಿಕೊಂಡು ಬಗ್ಗಿದ. ಕಲ್ಲು ಮಳೆಗೆ ಒದ್ದೆಯಾಗಿತ್ತು. ತೊಡೆಯ ತನಕ ಬಂದು ಜಾರಿ ದೊಪ್ಪೆಂದು ಬಿತ್ತು. ಜನರ ನಡುವೆ ಯಾರೋ, "ನಡಾ ಹಿಡೀತು" ಎಂದರು. ಅವನ ಕೈ ಸೊಂಟಕ್ಕೆ ಹೋಯಿತು. ಪೋಸ್ಟರಿನಲ್ಲಿದ್ದಂತೆಯೇ, ಅದೇ ಕೈ, ಅದೇ ಜಾಗ.

ಗಂಗವ್ವ ತಲೆ ಎತ್ತಿದಳು. ಜೋರಾಗಿ ಅಲ್ಲ, ಮನೆಯಲ್ಲಿ ಊಟಕ್ಕೆ ಕರೆಯುವ ಧ್ವನಿಯಲ್ಲಿ ಅಂದಳು: "ಫಕೀರಾ. ಕೈ ತಗಿ ಅಲ್ಲಿಂದ. ಅದು ನಿಂದಲ್ಲ, ಪಟದಾಗಿನವಂದು."

ಅವನು ತನ್ನ ಕೈಯನ್ನು ತಾನೇ ನೋಡಿಕೊಂಡ, ಬೇರೆ ಯಾರದೋ ಕೈ ಎಂಬಂತೆ. ತೆಗೆದ. ರುಮಾಲಿನಿಂದ ಕಲ್ಲನ್ನು ಒರೆಸಿದ. ಮತ್ತೆ ಬಗ್ಗಿದ. ತೊಡೆಗೆ ಬಂತು. ಎದೆಗೆ ಬಂತು. ಅಲ್ಲಿ ನಿಂತುಬಿಟ್ಟಿತು; ಕುತ್ತಿಗೆಯ ನರಗಳು ಹಗ್ಗದಂತೆ ಎದ್ದವು. ಆಮೇಲೆ ಹೆಗಲು. ಅಲ್ಲಿಗೇ ಬಿಡಬಹುದಿತ್ತು. ಅವನು ಬಿಡಲಿಲ್ಲ. ಕಲ್ಲು ಹೊತ್ತುಕೊಂಡು ಕಟ್ಟೆಯ ತನಕ ನಡೆದು, ಸಾಹುಕಾರರ ಮುಂದೆ ನಿಂತು, "ಆರಾಮೇನ್ರಿ?" ಎಂದು ಎಂದಿನಂತೆ ಮಾತಾಡಿಸಿ, ಆಮೇಲೆ ಹಿಂದಕ್ಕೆ ಬಿಟ್ಟ. ನೆಲ ಅದುರಿತು. ಜನ ಅವನನ್ನು ಹೊತ್ತುಕೊಂಡು ಕುಣಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಗದ್ದಲ ಇಳಿದ ಮೇಲೆ ಜನ ನಮ್ಮ ವ್ಯಾನಿನ ಕಡೆ ನುಗ್ಗಿದರು. ಹೊಡೆಯಲು ಬರುತ್ತಿದ್ದಾರೆಂದು ನಾನು ಹಿಂದೆ ಸರಿದೆ.

"ಅಕ್ಕೋರ, ನನಗೊಂದು ಡಬ್ಬಿ."

"ನನಗೆರಡು. ನಮ್ಮ ಮಾವಗೂ ನಡಾ ಹೋಗೈತಿ."

"ನೋಡಿದ್ರಿಲ್ಲೋ, ಹೆಂಗಿದ್ದಾವ ಹೆಂಗಾದ. ಗ್ವಾಡಿ ಮ್ಯಾಲೆ ಸಾಯಾಕ ಹತ್ತಿದ್ದ. ಮುಲಾಮಿನ ಗುಣಾ ಅಂದ್ರ ಹಿಂಗಿರಬೇಕು."

ನಾನು ಮೈಕಿನಲ್ಲಿ ಹೇಳಿದೆ. ಅವನು ಮುಲಾಮು ಹಚ್ಚಿಕೊಂಡಿಲ್ಲ, ಅವನಿಗೆ ನೋವೇ ಇರಲಿಲ್ಲ ಎಂದೆ. ಅಕ್ಕೋರು ಚ್ಯಾಷ್ಟಿ ಮಾಡ್ತಾರ ಎಂದು ನಕ್ಕು, ಡಬ್ಬಿ ಕೊಂಡರು. ಮತ್ತೆ ಹೇಳಿದೆ. ಇಂಥ ವಿನಯ ಕಂಡಿಲ್ಲ ಎಂದು ಇನ್ನೂ ಕೊಂಡರು. ಸುಳ್ಳನ್ನು ನಂಬಿಸಲು ನಮಗೆ ಒಂದು ಚಿತ್ರ ಸಾಕಾಗಿತ್ತು. ನಿಜವನ್ನು ನಂಬಿಸಲು ಆ ಮನುಷ್ಯ ಕಲ್ಲನ್ನೇ ಎತ್ತಿದರೂ ಸಾಲಲಿಲ್ಲ. ವ್ಯಾನಿನ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಆ ದಿಗ್ಭ್ರಮೆ ಇಂದಿಗೂ ಪೂರ್ತಿ ಇಳಿದಿಲ್ಲ.

ಗಂಗವ್ವ ಜನರನ್ನು ಸೀಳಿಕೊಂಡು ಬಂದಳು. ಡಬ್ಬಿಗೆ ಚಾಚಿದ ಕೈಗಳನ್ನು ನೋಡಿದಳು, ಮಗನನ್ನು ನೋಡಿದಳು.

"ಹಡದಾಕಿ ನಾನು. ಹೆಸರ ಡಬ್ಬಿದು" ಎಂದಳು. ಅಷ್ಟೇ. ಮಗನ ಅಂಗಿ ಹೆಗಲ ಮೇಲೆ ಹಾಕಿಕೊಂಡು ಮನೆಗೆ ನಡೆದಳು.

ಪೇಂಡ್ಸೆ ಸಾಹೇಬರು ಆ ಸಂಜೆಯೇ ಅವಳ ಮನೆಯ ಕಟ್ಟೆಯ ಮೇಲೆ ಕೂತು, ಫಕ್ಕೀರಪ್ಪನನ್ನು ವ್ಯಾನಿನಲ್ಲಿ ಜಿಲ್ಲೆ ಜಿಲ್ಲೆ ತಿರುಗಿಸುತ್ತೇವೆ, ಊರೂರಲ್ಲಿ ಕಲ್ಲು ಎತ್ತಲಿ ಎಂದರು. ಮುಂಬಯಿಯನ್ನೂ ತೋರಿಸುತ್ತೇವೆ ಎಂದರು. ಅವನು ಯೋಚಿಸಿದ. ಅಲ್ಲಿ ಎತ್ತುವ ಮೊದಲು ಬಗ್ಗಿ ತೋರಿಸಬೇಕೇ ಎಂದು ಕೇಳಿದ. ಸ್ವಲ್ಪ ತೋರಿಸಬೇಕಾಗುತ್ತದೆ ಎಂದರು ಸಾಹೇಬರು. "ಹಂಗಾದ್ರ ಬ್ಯಾಡ್ರಿ. ಒಮ್ಮೆ ಬಗ್ಗಿದ್ದು ನೆಟ್ಟಗಾಗೂದಕ್ಕ ಭಾಳ ತ್ರಾಸಾತು" ಎಂದು ಎದ್ದು ಒಳಗೆ ಹೋದ. ಮರುವಾರ ಅಣ್ಣಿಗೇರಿಯಲ್ಲಿ ಚೀಲ ಹೊರುತ್ತಿದ್ದ. ಮಾಗಿಯಲ್ಲಿ ಲಗ್ನವೂ ಆಯಿತು, ಹೆಣ್ಣು ನರಗುಂದದ ಕಡೆಯದು. ಕುರ್ತಕೋಟಿಯವರು ಮತ್ತೆ ಹೇಳಿಕಳಿಸಿದ್ದರಂತೆ. ಗಂಗವ್ವ ಕೇಳಿಸಿಕೊಳ್ಳಲಿಲ್ಲ.

ಮುಂದೆ ಪೇಂಡ್ಸೆ ಸಾಹೇಬರಿಗೆ ವರ್ಗವಾಯಿತು. ಹೋಗುವ ಮೊದಲು ನನ್ನ ಒತ್ತಾಯಕ್ಕೆ ಒಂದು ಪದ್ಧತಿ ಮಾಡಿಟ್ಟರು: ಯಾರ ಚಿತ್ರವಿದೆಯೋ ಅವರಿಗೆ ತೋರಿಸದೆ ಯಾವುದನ್ನೂ ಅಚ್ಚಿಗೆ ಕಳಿಸಬಾರದು. ಮುಂಬಯಿಯವರು ನಕ್ಕರಂತೆ. ನಾನು ಇದ್ದಷ್ಟು ದಿನ ಅದು ನಡೆಯಿತು. ಈಗಿನವರು ಇದನ್ನು ಮಾಡುತ್ತಾರೋ ಇಲ್ಲವೋ ನನಗೆ ತಿಳಿಯದು, ಮಾಡದಿದ್ದರೆ ಮಾಡಿರಿ.

ದಶಕದ ಕೊನೆಯ ಹೊತ್ತಿಗೆ ಒಂದು ಮಧ್ಯಾಹ್ನ ಶಲವಡಿಯ ದಾರಿಯಲ್ಲಿ ಇಂಜಿನ್ ಕಾದು ವ್ಯಾನು ನಿಂತಿತು. ಇಮಾಮ್ ಕಾಕಾ ನೀರು ತರಲು ಹೋದರು. ನಾನು ಗಂಗವ್ವನ ಮನೆಯೊಳಗೆ ಹೋದೆ. ಅವಳು ಹಾಸಿಗೆಯ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಳು. ಏಳಲು ಹೋಗಿ ಆಗದೆ ಹಲ್ಲು ಕಚ್ಚಿದಳು.

"ಏನಾತ್ರಿ?"

"ಏನಿಲ್ಲ." ನಂತರ, ಬೇಸರದಿಂದ, "ನಡಾ" ಎಂದಳು.

ಚೀಲದಲ್ಲಿ ಡಬ್ಬಿ ಇತ್ತು. ತೆಗೆಯಲೋ ಬೇಡವೋ ಎಂದು ಕೈ ಅಲ್ಲೇ ಇಟ್ಟುಕೊಂಡೆ. ಅವಳು ನೋಡಿದಳು.

"ಬಾಗಲಾ ಮುಂದ ಮಾಡು ಮೊದಲ" ಎಂದಳು. "ಯಾರರ ನೋಡಿದ್ರ ನಾಳೆ ನನ್ನನೂ ಗ್ವಾಡಿಗೆ ಬಡೀತಾರ."

ಬಾಗಿಲು ಮುಂದೆ ಮಾಡಿದೆ. ಅವಳ ಕುಪ್ಪಸ ಸರಿಸಿ, ಬೆನ್ನಿಗೆ ಮುಲಾಮು ಹಚ್ಚಿದೆ. ಎಷ್ಟು ಊರು, ಎಷ್ಟು ಸಂತೆ, ಎಷ್ಟು ಸಾವಿರ ಸಲ ನಡಾ ಹಿಡದೈತೇನ್ರಿ ಎಂದು ಕೂಗಿದ್ದೆ. ಒಬ್ಬರ ನಡದ ಮೇಲೂ ಅಂದಿನವರೆಗೆ ಕೈ ಇಟ್ಟಿರಲಿಲ್ಲ. ಚರ್ಮದ ಕೆಳಗೆ ಬರೀ ಎಲುಬು, ಎಲುಬಿನ ಎರಡೂ ಕಡೆ ಕಲ್ಲಿನಂತೆ ಕಟ್ಟಿಕೊಂಡ ಗಂಟುಗಳು. ಕಳೆ ಕಿತ್ತ ವರ್ಷಗಳು, ಹತ್ತಿ ಬಿಡಿಸಿದ ವರ್ಷಗಳು ಎಲ್ಲ ಅಲ್ಲೇ ಇದ್ದವು. ನೋವು ಎಂದರೆ ಹೀಗಿರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ಕೈ ನಿಂತಿತು. ನಿಲ್ಲಬ್ಯಾಡ ಎಂದಳು. ತಿಕ್ಕುತ್ತಲೇ ಇದ್ದೆ. ಹೊರಗೆ ಇಮಾಮ್ ಕಾಕಾ ಹಾರ್ನ್ ಬಾರಿಸಿದರು, ನಾನು ಏಳಲಿಲ್ಲ.

ಬಹಳ ಹೊತ್ತಿನ ಮೇಲೆ ಅವಳ ಮೈ ಸಡಿಲಾಯಿತು. ಕಣ್ಣು ಮುಚ್ಚಿಕೊಂಡೇ ಮಾತಾಡಿದಳು.

"ಕೈ ಛಲೋ ಅದಾವ ತಂಗಿ ನಿನ್ನವು. ಡಬ್ಬಿದೇನಿಲ್ಲ ಬಿಡು."